ಅಗುಳಿ ಬಿಗಿದಿತ್ತು

ಫೆಬ್ರವರಿ 9

ಬಂದರು ಕಚೇರಿಯ ಕಾಗದ ಇವತ್ತು ಬಂತು. ಏಪ್ರಿಲ್ ಮೂವತ್ತರೊಳಗೆ ದೋಣಿಯ ಸರಕಿನ ಕೋಣೆಗೆ ಇಳಿಯುವ ಎರಡೂ ಹ್ಯಾಚುಗಳು ಒಂದು ಹನಿ ನೀರನ್ನೂ ಒಳಗೆ ಬಿಡುವುದಿಲ್ಲ ಎಂದು ಪರೀಕ್ಷೆ ಮಾಡಿಸಿ ತೋರಿಸಬೇಕು. ಇಲ್ಲದಿದ್ದರೆ ನೋಂದಣಿ ರದ್ದು. ಆಮೇಲೆ ಅದನ್ನು ಒಡೆದು ಹಾಕುವುದೊಂದೇ ದಾರಿ.

ಇವರು ಎರಡು ಸಲ ಓದಿದರು. ಮೊದಲಿದ್ದ ಗೆರೆಯಲ್ಲೇ ಕಾಗದವನ್ನು ಮಡಿಸಿ ಟೇಬಲ್ಲಿನ ಮೇಲಿಟ್ಟು, "ನಿನ್ನಿಷ್ಟ" ಅಂದರು. ಏಳು ತಿಂಗಳಿಂದ ಈ ಮನೆಯಲ್ಲಿ ಎಲ್ಲವೂ ನನ್ನಿಷ್ಟವೇ. ಊಟಕ್ಕೇನು, ಕಿಟಕಿ ತೆಗೆಯಬೇಕೆ ಮುಚ್ಚಬೇಕೆ, ಎಲ್ಲಾ.

ಸಂಜೆ ನಾದಿನಿ ಬಂದಳು. ದೋಣಿಗಳು ನಿಲ್ಲುವ ಧಕ್ಕೆಯ ಬೀದಿಯಲ್ಲಿ ಅವಳದೊಂದು ಹೋಟೆಲಿದೆ. ಕಾಗದದ ಸುದ್ದಿ ಅವಳಿಗೆ ನನಗಿಂತ ಮೊದಲೇ ತಲುಪಿತ್ತು.

"ಅತ್ತಿಗೆ, ಒಡೆಯೋದಂತೂ ಒಡೀತಾರೆ. ಆ ಹಲಗೆ ನಂಗೆ ಕೊಡಿ. ಹತ್ತು ಟೇಬಲ್ ಆಗುತ್ತೆ. ಅಣ್ಣನ ದೋಣಿ ಅಂತ ಗೋಡೆಗೆ ಒಂದು ಬೋರ್ಡೂ ಹಾಕಿಸ್ತೀನಿ."

"ಬೋರ್ಡಿನ ಮೇಲೆ ಅಣ್ಣನ ಫೋಟೋನೂ ಹಾಕು, ಹಾರ ಸಮೇತ."

"ಅಯ್ಯೋ ಬಿಡ್ತು ಅನ್ನಿ!" ಎಂದು ಅವಳು ಟೇಬಲ್ಲನ್ನು ಮುಟ್ಟಿಕೊಂಡಳು. ಇವರು ಅಲ್ಲೇ ಕೂತಿದ್ದರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ.

ಒಡೆಯಲು ಬಿಡುವುದಿಲ್ಲ. ಇದು ಹಟವೋ, ಇವರ ಮೇಲಿನ ನಂಬಿಕೆಯೋ ನನಗೆ ತಿಳಿಯದು. ಕಳೆದ ಜುಲೈನಲ್ಲಿ ದ್ವೀಪಕ್ಕೆ ಅರವತ್ತು ಮೂಟೆ ಹಿಟ್ಟು ಒಯ್ಯುವಾಗ ಗಾಳಿಗೆ ಸಿಕ್ಕಿ ಮುಂಭಾಗದ ಹ್ಯಾಚಿನಿಂದ ನೀರು ನುಗ್ಗಿತು. ದಡಕ್ಕೆ ಎಳೆದು ತಂದಾಗ ಸರಕಿನ ಕೋಣೆಯ ತುಂಬ ಹಿಟ್ಟು ಕಲಸಿಟ್ಟಂತಿತ್ತು. ‘ಹ್ಯಾಚಿನ ಅಗುಳಿಗಳನ್ನು ಬಿಗಿದಿರಲಿಲ್ಲ, ಚಾಲಕನ ನಿರ್ಲಕ್ಷ್ಯ’ ಎಂದು ವರದಿಯಾಯಿತು. ಇವರು ಒಂದು ಮಾತಾಡದೆ ಸಹಿ ಹಾಕಿದರು. ರಾತ್ರಿ ಮಲಗುವ ಮುಂಚೆ ಮನೆಯ ಚಿಲಕವನ್ನೇ ಮೂರು ಸಲ ನೋಡುವ ಮನುಷ್ಯ, ಗಾಳಿಯ ದಿನ ಅಗುಳಿ ಬಿಗಿಯದೆ ಹೊರಡುತ್ತಾರೆಯೇ? ನಾನು ನಂಬುವುದಿಲ್ಲ.

ಇದನ್ನೆಲ್ಲ ಮೊದಲು ಸ್ಕೂಲಿನ ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಒಂದು ಪುಟ ಬಹಳ ಸೊಗಸಾಗಿ ಬಂತು. ಓದಿದರೆ ಯಾವುದೂ ನಿಜವೆನಿಸಲಿಲ್ಲ. ಹರಿದು ಹಾಕಿ ಮನೆಮಾತಿಗೆ ಬಂದಿದ್ದೇನೆ.

ಫೆಬ್ರವರಿ 12

ದುರಸ್ತಿ ಅಂಗಳಕ್ಕೆ ಹೋದೆ. ಇವರ ದೋಣಿ ಕೊನೆಯ ಸಾಲಿನಲ್ಲಿ, ಮರದ ದಿಮ್ಮಿಗಳ ಮೇಲೆ, ತಾಡಪಾಲು ಹೊದ್ದು ನಿಂತಿದೆ. ಏಳು ತಿಂಗಳಲ್ಲಿ ನಾನೂ ಇತ್ತ ಬಂದಿರಲಿಲ್ಲ. ಇವರನ್ನು ಯಾವ ಬಾಯಲ್ಲಿ ಅನ್ನಲಿ.

ಅಲ್ಲಿನ ದೋಣಿ ಬಡಗಿಯನ್ನು ಎಲ್ಲರೂ ‘ಆಮೇಲೆ’ ಅಂತಲೇ ಕರೆಯುತ್ತಾರೆ. ಏನು ಕೇಳಿದರೂ ಆಮೇಲೆ ನೋಡೋಣ ಅನ್ನುವವನು. ನನ್ನನ್ನು ಕಂಡು ಬೀಡಿ ಆರಿಸಿದ.

"ಟೀಚರಮ್ಮ ಬಂದ್ರು. ಯಜಮಾನ್ರು?"

"ನಾನೇ ಮಾಡಿಸ್ತೀನಿ. ಏಪ್ರಿಲ್ ಮೂವತ್ತರೊಳಗೆ."

"ಆಮೇಲೆ ನೋಡೋ..." ಅಂದವನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಇಬ್ಬರೂ ತಾಡಪಾಲು ಎಳೆದೆವು. ಒಳಗಿನಿಂದ ಹಳೆಯ ನೆಲಮಾಳಿಗೆಯ ವಾಸನೆ ಬಂತು. ಸರಕಿನ ಕೋಣೆಯ ತೊಲೆಗಳ ಮೇಲೆ ಬಿಳಿ ಅಣಬೆ ಎದ್ದಿದ್ದವು. ಆತ ಸುತ್ತಿಗೆಯ ಹಿಡಿಯಿಂದ ಮರವನ್ನು ಒಂದೊಂದು ಗೇಣಿಗೂ ತಟ್ಟುತ್ತ ಹೋದ. ಗಟ್ಟಿ ಮರ ಟಣ್ ಅನ್ನುತ್ತಿತ್ತು. ಕೊಳೆತದ್ದು ಬೇಸರದಿಂದ ಹೂಂಗುಟ್ಟಿದಂತೆ ಕೇಳುತ್ತಿತ್ತು.

"ಕಡಲ ನೀರು ಮರಾನ ಉಪ್ಪು ಹಾಕಿ ಇಡುತ್ತೆ ಟೀಚರಮ್ಮ. ಕೊಳೆಸೋದು ಮೇಲಿಂದ ಬೀಳೋ ಮಳೆನೀರು. ದೋಣಿ ತಳ ತೂತಾಗಿ ಸಾಯೋದು ಕಮ್ಮಿ. ತಲೆ ಸೋರಿ ಸಾಯೋದೇ ಜಾಸ್ತಿ."

ಗಾಳಿಯಾಡಲಿ ಎಂದು ಎರಡೂ ಹ್ಯಾಚುಗಳ ಮುಚ್ಚಳ ತೆರೆದಿಟ್ಟು ಬಂದೆವು. ಹ್ಯಾಚೆಂದರೆ ಇಷ್ಟೇ: ಡೆಕ್ಕಿನಲ್ಲೊಂದು ಚೌಕ ಬಾಯಿ, ಅದರ ಸುತ್ತ ಮೊಳಕಾಲೆತ್ತರದ ಮರದ ಕಟ್ಟೆ, ಮೇಲೊಂದು ಮುಚ್ಚಳ, ಮುಚ್ಚಳದಂಚಿನ ಒಳಗೆ ರಬ್ಬರಿನ ಪಟ್ಟಿ, ಹಿಂಬದಿಗೆ ಕೀಲು, ಬಿಗಿಯಲು ಆರು ಕಬ್ಬಿಣದ ಅಗುಳಿ. ಇಷ್ಟನ್ನು ನೆಟ್ಟಗೆ ಮಾಡಲು ಎಪ್ಪತ್ತೇಳು ದಿನಗಳಿವೆ.

ಫೆಬ್ರವರಿ 21

ಕೈಯಲ್ಲಿ ನಾಲ್ಕು ಬೊಬ್ಬೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಯಾಕ್ರೀ, ಮನೇಲಿ ಕೆಲಸದವರು ಬಿಟ್ಟುಹೋದ್ರಾ?" ಅಂದರು. ಹೌದು ಅಂದುಬಿಟ್ಟೆ. ನಿಜ ಹೇಳಲು ಏನು ಅಡ್ಡಿಯಿತ್ತು?

ಮಾರ್ಚ್ 2

ಮುಂಭಾಗದ ಕಟ್ಟೆಯ ಎಡ ಮೂಲೆ ಪೂರ್ತಿ ಕೊಳೆತಿದೆ. ಚಾಕು ಆಡಿಸಿದರೆ ಕೇಕಿನಂತೆ ತುಂಡಾಗುತ್ತದೆ. ಬೆರಳುದ್ದ ತೆಗೆದರೆ ಸಾಕೆಂದು ನಾನು, ಮೊಳದುದ್ದ ತೆಗೆಯಬೇಕೆಂದು ಬಡಗಿ.

"ಗಟ್ಟಿ ಮರ ಸಿಕ್ಕಿದ ಮೇಲೂ ನಾಲ್ಕು ಬೆರಳು ಮುಂದಕ್ಕೆ ಹೋಗ್ಬೇಕು. ಕೊಳೆ ಮುಂದಿನ ಮನೆ ಬಾಡಿಗೆಗೆ ಮಾತಾಡಿ ಇಟ್ಟಿರುತ್ತೆ."

ಮೊಳದುದ್ದವೇ ತೆಗೆದೆವು.

ನಾದಿನಿ ಅಳತೆ ಟೇಪು ಹಿಡಿದು ಅಂಗಳಕ್ಕೇ ಬಂದಿದ್ದಳು. ನನ್ನ ಕಣ್ಣೆದುರಿಗೇ ಪಕ್ಕದ ಹಲಗೆ ಅಳೆದಳು.

"ಸುಮ್ನೆ ಅಂದಾಜಿಗೆ ಅತ್ತಿಗೆ. ಅಕಸ್ಮಾತ್ ಆಗಲಿಲ್ಲ ಅಂದ್ರೆ?"

"ಆಗ ಅಳೀವಿಯಂತೆ. ಈಗ ಆ ತುದಿ ಹಿಡಿ, ಈ ಹಲಗೆ ಎತ್ತಬೇಕು."

ಹಿಡಿದಳು. ಸೀರೆಗೆ ಡಾಂಬರು ಮೆತ್ತಿತು. "ಅಣ್ಣನೇ ಕೈಬಿಟ್ಟ ಮೇಲೆ ನಿಮಗ್ಯಾಕೆ ಈ ಉಸಾಬರಿ?" ಎಂದು ಗೊಣಗುತ್ತ ಹೋದಳು. ಅವಳು ಕೆಟ್ಟವಳಲ್ಲ. ಅಣ್ಣ ಪ್ರತಿದಿನ ಆ ದೋಣಿಯ ಗೋರಿ ನೋಡುವಂತಾಗಬಾರದು ಅನ್ನುವುದು ಅವಳ ಆಸೆ. ಹಾಗಿದ್ದಾಗ ಅದರ ಮೇಲೆ ಊಟ ಬಡಿಸುವ ಯೋಚನೆ ಹೇಗೆ ಬಂತೋ.

ಮಾರ್ಚ್ 8

ಸಾಕ್ಷಿ ಸಿಕ್ಕಿತು!

ಹಳೆಯ ಬಣ್ಣ ಕೆರೆಯುತ್ತಿದ್ದೆ. ಮುಂಭಾಗದ ಮುಚ್ಚಳದ ಮೇಲೆ, ಆರು ಅಗುಳಿಗಳೂ ಕೂರುವ ಜಾಗದಲ್ಲಿ, ಮರ ಒಳಕ್ಕೆ ತಗ್ಗಿದೆ. ಕಬ್ಬಿಣದ ಪಾದದ ಅಚ್ಚು ಹೊಸ ಬಣ್ಣವನ್ನು ಸೀಳಿ ಮರದೊಳಕ್ಕೆ ಇಳಿದಿದೆ. ಆ ಬಣ್ಣ ಬಳಿದ ವಾರವೇ ದೋಣಿ ಹೊರಟದ್ದು. ಅಂದರೆ ಅಗುಳಿ ಬಿಗಿದಿತ್ತು. ಬಿಗಿದದ್ದೂ ಹೇಗೆ, ಪ್ರಾಣ ಹಿಂಡುವ ಹಾಗೆ. ಎಳೆದು ತಂದವರು ನೋಡಿದಾಗ ತೆರೆದಿತ್ತಂತೆ. ತೆರೆದೇ ಇರುತ್ತದೆ, ಒಳಗಿನ ನೀರು ತೋಡಲು ಇವರೇ ತೆರೆದಿರಬೇಕು!

ಮನೆಗೆ ಓಡಿ ಬಂದು ಹೇಳಿದೆ. "ಈಗ ಅದರಿಂದೇನು" ಅಂದರು. ನನಗೆ ಬಂದ ಸಿಟ್ಟಿಗೆ ಅನ್ನದ ಪಾತ್ರೆ ಸದ್ದಾಗುವಂತೆ ಇಟ್ಟೆ.

ಅಗುಳಿ ಬಿಗಿದಿದ್ದರೆ ನೀರು ಎಲ್ಲಿಂದ ಬಂತು? ಬಡಗಿ ನಾಳೆ ಸೀಮೆಸುಣ್ಣ ತರಲು ಹೇಳಿದ್ದಾನೆ. ಅದೊಂದಕ್ಕೆ ನನ್ನಲ್ಲಿ ಕೊರತೆಯಿಲ್ಲ.

ಮಾರ್ಚ್ 9

ಕಟ್ಟೆಯ ಅಂಚಿಗೆಲ್ಲ ಸೀಮೆಸುಣ್ಣ ಉಜ್ಜಿ, ಮುಚ್ಚಳ ಇಟ್ಟು ಬಿಗಿದು, ಮತ್ತೆ ತೆಗೆದು ನೋಡುವುದು. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ ಸುತ್ತ ಬಂದಿರಬೇಕು. ಕಡಿದ ಕಡೆ ನೀರಿಗೆ ದಾರಿ.

ಗೆರೆ ಹನ್ನೊಂದು ಕಡೆ ಕಡಿದಿತ್ತು. ಬಡಗಿ ರಬ್ಬರನ್ನು ಉಗುರಿನಿಂದ ಒತ್ತಿದ. ಅದು ಒತ್ತಿಸಿಕೊಳ್ಳಲಿಲ್ಲ. ಎಳೆದು ಬಗ್ಗಿಸಿದರೆ ಒಣ ಕಡ್ಡಿಯಂತೆ ಬಿರಿಯಿತು. ಅದರ ಮೈತುಂಬ ನೀಲಿ ಬಣ್ಣ, ಎರಡು ಕೋಟು.

"ಯಾವ ಪುಣ್ಯಾತ್ಮ ರಬ್ಬರಿಗೆ ಬಣ್ಣ ಬಳಿದಿದ್ದು? ಬಣ್ಣ ಕುಡಿದ ರಬ್ಬರು ಕಲ್ಲಾಗುತ್ತೆ. ಇನ್ನು ಅಗುಳಿ ಎಷ್ಟು ಬಿಗಿದ್ರೂ ಅಷ್ಟೇ. ಮರ ತಗ್ಗುತ್ತೆ, ಇದು ತಗ್ಗಲ್ಲ."

ನಾನು.

ಮಾರ್ಚ್ 10

ಶಾಲೆ. ತಲೆನೋವು.

ಮಾರ್ಚ್ 13

ಬರೆಯದಿದ್ದರೆ ನಡೆದದ್ದು ಸುಳ್ಳಾಗುವುದಿಲ್ಲ.

ಕಳೆದ ವರ್ಷ ಜೂನ್ ಕೊನೆ. ಇವರಿಗೆ ಜ್ವರ. ದೋಣಿಗೆ ಬಣ್ಣ ಬಳಿಯುವುದು ಬಾಕಿ ಇತ್ತು. ನಾನೇ ಬಳಿಯುತ್ತೇನೆಂದು ಹೋದೆ. ಮೂರು ದಿನ ಬಗ್ಗಿ ಕೂತು ಬಳಿದೆ. ಕೊನೆಗೆ ಮುಚ್ಚಳ ತಿರುವಿ ಹಾಕಿದಾಗ, ಅಷ್ಟು ಚೆಂದದ ನೀಲಿಯ ನಡುವೆ ಆ ಕಪ್ಪು ಪಟ್ಟಿ ಕೊಳಕು ಉಗುರಿನಂತೆ ಕಂಡಿತು. ಮಕ್ಕಳ ಪುಸ್ತಕದಲ್ಲಿ ಅಂಚು ಬಿಡದೆ ಬರೆದರೆ ಕೆಂಪು ಗೆರೆ ಎಳೆಯುವವಳು ನಾನು. ಬಿಟ್ಟೇನೆಯೇ? ಅದಕ್ಕೂ ಎರಡು ಕೋಟು ಬಳಿದೆ. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಅಭ್ಯಾಸ ನನಗೆ ಕಡಿಮೆ.

ಇವರು ನಿರ್ದೋಷಿ ಎಂದು ಸಾಧಿಸಹೊರಟಿದ್ದೆ. ಸಾಧಿಸಿದೆ.

ಈಗ ಎರಡು ದಾರಿ. ಸುಮ್ಮನೆ ಹೊಸ ರಬ್ಬರು ಹಾಕಿಸಿ ಪರೀಕ್ಷೆ ಮುಗಿಸುವುದು, ಹಳೆಯ ವರದಿ ಹಾಗೇ ಇರುತ್ತದೆ. ಇಲ್ಲವೇ ಹೇಳುವುದು. ಮೂರು ದಿನದಿಂದ ಮೊದಲನೆಯದು ವಿವೇಕದಂತೆ ಕಾಣುತ್ತಿದೆ. ಅದಕ್ಕೇ ಅದರ ಮೇಲೆ ಅನುಮಾನ.

ಮಾರ್ಚ್ 16

ಹೇಳಿದೆ. ಇವರು ಸೌತೆಕಾಯಿ ಹೆಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನೋಡಿದ್ದೆ."

"ಏನು ನೋಡಿದ್ರಿ?"

"ರಬ್ಬರಿಗೆ ಬಣ್ಣ ಬಿದ್ದಿದ್ದು. ಹೊರಡೋ ದಿನಾನೇ ನೋಡಿದ್ದೆ. ಪಟ್ಟಿ ಕಿತ್ತು ಬೇರೆ ಹಾಕ್ಬೇಕಿತ್ತು. ಅಷ್ಟು ಆಸೆಯಿಂದ ಬಳಿದಿದ್ದೀಯ, ಕಿತ್ತರೆ ನಿನ್ನ ಮುಖ ಸಣ್ಣಗಾಗುತ್ತೆ ಅಂತ ಬಿಟ್ಟೆ. ಇದೊಂದ್ಸಲ ನಡೆಯುತ್ತೆ ಅಂದ್ಕೊಂಡೆ."

ಇವರ ಎದುರಿಗೆ ಹೋಗಿ ನಿಂತೆ.

"ನನ್ನ ಮುಖ ಸಣ್ಣಗಾದ್ರೆ ಎರಡು ದಿನಕ್ಕೆ ಸರಿಹೋಗ್ತಿತ್ತು ರೀ! ನೀವು ಕಡಲಿಗೆ ಬಿದ್ದಿದ್ರೆ?"

"ಬೀಳಲಿಲ್ಲವಲ್ಲ."

"ವರದಿ ಬರೆಯೋವಾಗ ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡಲಿ, ಹೆಂಡ್ತಿ ಬಣ್ಣ ಬಳಿದ್ಲು ಅಂತಲಾ? ದೋಣಿ ನಂದು, ಮುಚ್ಚಿದ್ದು ನಾನು, ತಪ್ಪೂ ನಂದೇ. ಅದರಲ್ಲಿ ನೀನು ಪಾಲು ಕೇಳ್ಬೇಡ!" ದನಿ ಎತ್ತಿದ್ದರು. ಚಾಕು ಹಲಗೆಯ ಮೇಲೆ ಟಕ್ ಅಂತು.

"ಪಾಲಲ್ಲ, ಪೂರ್ತಿ ಕೇಳ್ತಿದ್ದೀನಿ."

"ಕೊಡಲ್ಲ."

ಊಟ ಆರುವವರೆಗೂ ಜಗಳವಾಡಿದೆವು. ಜಗಳದ ನಡುವೆ ಇವರು ಮನೆಯಲ್ಲಿದ್ದ ಅಷ್ಟೂ ಸೌತೆಕಾಯಿ ಹೆಚ್ಚಿಟ್ಟಿದ್ದಾರೆ. ನಾಳೆಯೂ ಅದೇ ತಿನ್ನಬೇಕು.

ಮಾರ್ಚ್ 25

ನಾನು ಅಂಚೆಯವಳಾಗಿದ್ದೇನೆ. ಬೆಳಿಗ್ಗೆ ಇವರು, "ರಬ್ಬರಿನ ಎರಡು ತುದಿ ಕೂಡೋ ಜಾಗ ಮೂಲೇಲಿ ಬರಬಾರದು, ಉದ್ದ ಬದಿಯ ಮಧ್ಯಕ್ಕೆ ಬರಲಿ, ಅವನಿಗೆ ಹೇಳು" ಅನ್ನುತ್ತಾರೆ. ಹೇಳಿದರೆ ಬಡಗಿ, "ನಾನು ಹುಟ್ಟಿದಾಗಿಂದ ಮಧ್ಯಕ್ಕೇ ಹಾಕ್ತಿರೋದು. ಮನೇಲಿ ಕೂತು ದೋಣಿ ಕಟ್ಟೋರಿಗೆ ನಮಸ್ಕಾರ ತಿಳಿಸಿ" ಅನ್ನುತ್ತಾನೆ. ಅದನ್ನು ಮನೆಗೆ ತಂದರೆ, "ಹೋದ ಸಲ ಮೂಲೇಲಿ ಹಾಕಿದ್ದು ಅವನೇ, ಕೇಳು" ಎಂದು ಇನ್ನೊಂದು. ಪಟ್ಟಿ ಕೂರುವ ತೋಡಿನ ಆಳ ಎಷ್ಟು, ಮೂಲೆ ಎಷ್ಟು ದುಂಡಗಿರಬೇಕು, ಸುಮ್ಮನೆ ಕೂತಲ್ಲಿಂದ ಆಜ್ಞೆ. ಇವತ್ತು ಚೀಟಿಯಲ್ಲಿ ಚಿತ್ರವನ್ನೇ ಬರೆದು ಕಳಿಸಿದ್ದರು. ನನಗೆ ಉತ್ತರ ಪತ್ರಿಕೆ ತಿದ್ದುವುದು ರಾಶಿ ಬಿದ್ದಿದೆ. ಇವರಿಬ್ಬರ ನಡುವೆ ಓಡಾಡಿ ಸಾಕಾಯಿತು.

ಬಡಗಿಗೂ ಬಣ್ಣದ ವಿಷಯ ಹೇಳಿದೆ. "ಪುಣ್ಯಾತ್ಮ ಅಂದಿದ್ನಲ್ಲ, ಬೈದಿದ್ರೆ ಕಷ್ಟ ಆಗ್ತಿತ್ತು" ಅಂದ.

ಏಪ್ರಿಲ್ 6

ನಮ್ಮದೇ ಪರೀಕ್ಷೆ. ಸೀಮೆಸುಣ್ಣದ ಗೆರೆ ಪೂರ್ತಿ ಬಂತು. ಇನ್ನು ನೀರಿನದು. ಒಬ್ಬರು ಒಳಗೆ ಕೂತು ನೋಡಬೇಕು. ನಾನು ಇಳಿದೆ. ಮೇಲಿನಿಂದ ಬಡಗಿ ಮುಚ್ಚಳ ಹಾಕಿ ಆರೂ ಅಗುಳಿ ಬಿಗಿದ.

ಅಷ್ಟು ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಬೆಳಕಿನ ಒಂದು ಎಳೆ ಕಂಡರೂ ಅಲ್ಲಿ ಸೋರಿಕೆ ಇದೆ ಎಂದರ್ಥ. ಎಳೆ ಕಾಣಲಿಲ್ಲ. ಕಾಣಲಿ ಎಂದು ಒಂದು ಗಳಿಗೆ ಆಸೆಪಟ್ಟೆ, ಅಷ್ಟು ಉಸಿರು ಕಟ್ಟಿತ್ತು. ಆಮೇಲೆ ಪೈಪಿನ ನೀರು ಬಿಟ್ಟ ಸದ್ದು. ಮೊದಲು ಬಡಗಿಯ ಕೈ, ಗಿಡಕ್ಕೆ ನೀರು ಹಾಕಿದಂತೆ ಅಲ್ಲಿ ಇಲ್ಲಿ. ಆಮೇಲೆ ಸದ್ದು ಬದಲಾಯಿತು. ನೀರು ಅಂಚು ಹಿಡಿದು, ಒಂದೊಂದು ಅಂಗುಲವನ್ನೂ ಬಿಡದೆ, ನಿಧಾನವಾಗಿ ಸುತ್ತ ಬರುತ್ತಿತ್ತು. ಮುಚ್ಚಳದ ಹಿಂಬದಿಯ ಕೀಲಿನ ಬಳಿ ನನ್ನ ಕೆನ್ನೆಗೆ ಒಂದು ಹನಿ ಬಿತ್ತು. ಟಾರ್ಚು ಹಾಕಿ ನೋಡಿದೆ: ಕೀಲಿನ ಬೋಲ್ಟಿನ ತೂತು. "ಇಲ್ಲಿ!" ಎಂದು ಕೂಗಿ ಹಲಗೆ ಬಡಿದೆ.

ಮುಚ್ಚಳ ತೆಗೆದವರು ಇವರು. ಪ್ಯಾಂಟು ಮೊಳಕಾಲವರೆಗೆ ಒದ್ದೆ. ಬಡಗಿಯನ್ನು ಬೈಯುತ್ತಿದ್ದರು, ಅವನೂ ತಿರುಗಿ ಬೈಯುತ್ತಿದ್ದ.

ಬೋಲ್ಟು ತೆಗೆದು, ಹತ್ತಿ ನೂಲು ಸುತ್ತಿ, ಪುಟ್ಟಿ ತುಂಬಿ ಮತ್ತೆ ಕೂರಿಸಬೇಕು. ಹಿಂದಿನ ಹ್ಯಾಚಿನ ಕೀಲುಗಳನ್ನೂ ಬಿಚ್ಚಿ ನೋಡುವುದು. ನಾಳೆ ಪುಟ್ಟಿ ತರಬೇಕು.

ಏಪ್ರಿಲ್ 22

ತಪಾಸಣೆಯವರು ಬಂದರು. ಕಳೆದ ವರ್ಷ ವರದಿ ಬರೆದವರೇ. ಅಚ್ಚುಕಟ್ಟಾದ ಮನುಷ್ಯ, ಶೂ ಕಳಚಿ ಡೆಕ್ಕು ಹತ್ತಿದರು. ಒಳಗೆ ಅವರೇ ಕೂತರು. ಎರಡು ಹ್ಯಾಚಿಗೂ ಹತ್ತತ್ತು ನಿಮಿಷ ನೀರು. ಹೊರಗೆ ಬಂದವರು ಕರವಸ್ತ್ರದಿಂದ ಅಂಗಿಯ ಮೇಲೆಲ್ಲ ಒತ್ತಿ ನೋಡಿಕೊಂಡು, "ಒಣಗಿದೆ" ಅಂದರು. ಬಡಗಿ ಶಿಳ್ಳೆ ಹಾಕಿದ.

ಆಮೇಲೆ ಫಾರಂ ತೆಗೆದರು. ಅದರಲ್ಲಿ ಮೊದಲೇ ಟೈಪಾಗಿತ್ತು: ‘ಹಿಂದಿನ ಘಟನೆಯ ಕಾರಣ: ಅಗುಳಿ ಬಿಗಿಯದ ಚಾಲಕನ ನಿರ್ಲಕ್ಷ್ಯ. ಇದನ್ನು ಒಪ್ಪಿ, ಸರಿಪಡಿಸಿರುತ್ತೇವೆ.’ ಕೆಳಗೆ ದುರಸ್ತಿ ಮಾಡಿಸಿದವರ ಸಹಿಗೆ ಜಾಗ.

"ಇದಕ್ಕೆ ಸಹಿ ಹಾಕಲ್ಲ" ಅಂದೆ.

"ಮೇಡಂ, ಇದು ಮಾಮೂಲಿ. ಸಹಿ ಇಲ್ಲದಿದ್ರೆ ಪರವಾನಗಿ ಕೊಡೋಕಾಗಲ್ಲ. ಎಂಟು ದಿನ ಇದೆ ಅಷ್ಟೇ."

ಇವರು ನನ್ನ ತೋಳು ಹಿಡಿದರು. "ಹಾಕೇ. ನಾನೇ ಒಂದ್ಸಲ ಹಾಕಿದ್ದೀನಿ. ಇನ್ನೊಂದ್ಸಲಕ್ಕೆ ಏನಾಗುತ್ತೆ?"

"ಆಗ ನನ್ನನ್ನ ಕೇಳಿ ಹಾಕಿದ್ರಾ?"

ಮುಚ್ಚಳದ ಮೇಲಿನ ಆರು ಅಚ್ಚುಗಳನ್ನು ತಪಾಸಣೆಯವರಿಗೆ ತೋರಿಸಿದೆ. ಆ ತಗ್ಗುಗಳನ್ನು ಬೇಕೆಂದೇ ತುಂಬದೆ ಬಿಟ್ಟಿದ್ದೆ. ಹಳೆಯ ರಬ್ಬರನ್ನು ಕೈಗೆ ಕೊಟ್ಟು ಬಗ್ಗಿಸಲು ಹೇಳಿದೆ. ಬಿರಿಯಿತು. ಟೈಪಾದ ಸಾಲಿನ ಮೇಲೆ ಅಡ್ಡಗೆರೆ ಎಳೆದು ಬರೆದೆ: ‘ಅಗುಳಿ ಬಿಗಿದಿತ್ತು. ರಬ್ಬರಿಗೆ ಬಣ್ಣ ಬಳಿದದ್ದರಿಂದ ನೀರು ಬಂತು. ಬಳಿದವಳು ನಾನು.’ ಸಹಿ ಹಾಕಿದೆ.

ಇವರು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ಕೆಳಗೆ ಇನ್ನೊಂದು ಸಾಲು: ‘ಬಣ್ಣ ನೋಡಿಯೂ ಪಟ್ಟಿ ಬದಲಿಸದೆ ಹೊರಟವನು ನಾನು.’

ಆ ಮನುಷ್ಯ ಕಾಗದವನ್ನು ದೂರ ಹಿಡಿದು ಓದಿದರು. "ತಪ್ಪು ನಂದಲ್ಲ ಅಂತ ಬರೆದುಕೊಡೋರನ್ನ ದಿನಾ ನೋಡ್ತೀನಿ. ಹೀಗೆ ಕಿತ್ತಾಡೋರನ್ನ ನೋಡಿಲ್ಲ. ಇದನ್ನ ಮೇಲಿನವರಿಗೆ ಕಳಿಸ್ಬೇಕು. ಅವರೇನಂತಾರೋ."

"ಕಳಿಸಿ. ಒಣಗಿದೆ ಅಂತ ನೀವು ಬರೆದಿದ್ದೂ ಜೊತೇಲಿ ಹೋಗಲಿ."

ಏಪ್ರಿಲ್ 25

ಸುದ್ದಿಯಿಲ್ಲ. ನಾದಿನಿ: "ಒಂದು ಸಹಿಗೋಸ್ಕರ ದೋಣಿ ಕಳ್ಕೊಳ್ತೀರಲ್ಲ, ಗಂಡ ಹೆಂಡ್ತಿ ಇಬ್ಬರಿಗೂ ತಲೆ ಕೆಟ್ಟಿದೆ." ಇವರು, "ಟೇಬಲ್ ಅಳತೆ ಇಟ್ಟುಕೊಂಡಿದ್ದೀಯ ತಾನೇ?" ಅಂದರು. ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಏಪ್ರಿಲ್ 27

ಇಲ್ಲ.

ಏಪ್ರಿಲ್ 28

ಇಲ್ಲ. ತಪ್ಪು ಮಾಡಿದೆನೇ ಎಂದು ಕೇಳಿಕೊಂಡೆ. ಇಲ್ಲ ಎಂದು ಬಂತು. ಇನ್ನೊಮ್ಮೆ ಕೇಳಿಕೊಂಡೆ. ಅದೇ ಉತ್ತರ. ಒಡೆದರೆ ಒಡೆಯಲಿ, ಸುಳ್ಳು ಹೇಳಿ ತೇಲುವುದು ಬೇಡ. ಹಾಗೆಂದು ಒಡೆಯಲು ಬಂದವರನ್ನು ಸುಲಭಕ್ಕೆ ಡೆಕ್ಕಿಗೆ ಹತ್ತಿಸುತ್ತೇನೆಂದಲ್ಲ.

ಏಪ್ರಿಲ್ 30

ಮಧ್ಯಾಹ್ನ ಮೂರೂವರೆಗೆ ಕಚೇರಿಯ ಜವಾನ ಶಾಲೆಗೇ ಬಂದ. ಹ್ಯಾಚುಗಳು ಒಪ್ಪಿಗೆ. ದೋಣಿ ನೀರಿಗಿಳಿಸಬಹುದು. ಹಳೆಯ ವರದಿಯನ್ನು ಮರುಪರಿಶೀಲಿಸಲಾಗುವುದು, ಜೂನ್ ಹನ್ನೆರಡಕ್ಕೆ ಇಬ್ಬರೂ ವಿಚಾರಣೆಗೆ ಹಾಜರಾಗತಕ್ಕದ್ದು.

ಹಾಜರಾಗುತ್ತೇವೆ.

ಮೇ 3

ದೋಣಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ.

ಬೆಳಿಗ್ಗೆ ಎಂಟಕ್ಕೆ ಇಳಿಸಿದೆವು. ತೇಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಐದು ನಿಮಿಷಕ್ಕೆ ತಳದ ಹಲಗೆಗಳ ಸಂದಿಯಿಂದ ನೀರು ಜಿನುಗಲು ಶುರುವಾಯಿತು. ಹತ್ತು ನಿಮಿಷಕ್ಕೆ ಪಾದ ಮುಳುಗಿತು. ಧಕ್ಕೆಯ ಮೇಲಿಂದ ನಾದಿನಿ, "ಅತ್ತಿಗೇ! ಮುಳುಗ್ತಿದೆ! ಇಳೀರಿ!" ಎಂದು ಕಿರುಚಿದಳು. ಬಡಗಿ ಮಾತ್ರ ಬೀಡಿ ಹಚ್ಚಿದ.

"ಹತ್ತು ತಿಂಗಳು ಒಣಗಿದ ಮರ ಟೀಚರಮ್ಮ, ಬಾಯಾರಿಕೆ ಇರಲ್ವಾ? ಕುಡೀಲಿ. ಎರಡು ದಿನ ಕುಡಿದು ಊದಿಕೊಂಡು ತಾನೇ ಸಂದಿ ಮುಚ್ಚುತ್ತೆ. ಮೊದಲೇ ಬಿಗಿಯಾಗಿ ತುಂಬಿಟ್ಟಿದ್ರೆ ಊದೋಕೆ ಜಾಗ ಇಲ್ಲದೆ ಹಲಗೇನೇ ಸೀಳ್ತಿತ್ತು. ಅಲ್ಲೀವರೆಗೆ ಪಂಪು ಹೊಡೀರಿ."

ಗಂಟೆಗೊಂದು ಸರದಿಯಂತೆ ಹೊಡೆಯುತ್ತಿದ್ದೇವೆ, ಇವರು, ನಾನು, ಬಡಗಿ. ಹನ್ನೊಂದರ ಹೊತ್ತಿಗೆ ನಾದಿನಿಯೂ ಬೈಯುತ್ತಲೇ ಹತ್ತಿ ಬಂದು ಸೆರಗು ಸಿಕ್ಕಿಸಿ ನಿಂತಳು. ಒಂದು ದೊಡ್ಡ ಹಡಗು ಹತ್ತಿರದಲ್ಲೇ ಹಾದು ಹೋಗಿ, ಅದರ ಅಲೆ ನಮ್ಮ ಡೆಕ್ಕನ್ನೆಲ್ಲ ತೊಳೆಯಿತು. ನಾನು ಆಗ ಕೆಳಗಿದ್ದೆ, ಮುಂಭಾಗದ ಮುಚ್ಚಿದ ಹ್ಯಾಚಿನ ಅಡಿಯಲ್ಲಿ. ತಲೆಯ ಮೇಲೆ ನೀರು ಧಬಧಬನೆ ಬಿದ್ದು ಹರಿದು ಹೋಯಿತು. ಅಂಗೈಯನ್ನು ಅಂಚಿಗೆ ಒತ್ತಿ, ಸುತ್ತ ಒಂದು ಸಲ ಸವರಿ ನೋಡಿದೆ. ಒಣಗಿತ್ತು.

ಜಿನುಗುವುದು ಬೆಳಿಗ್ಗೆಗಿಂತ ಈಗ ಅರ್ಧ ಕಮ್ಮಿ. ನಮ್ಮ ದೋಣಿ ಇನ್ನೂ ಕುಡಿಯುತ್ತಿದೆ. ಇವರು ಪಂಪಿನ ಹತ್ತಿರದಿಂದ ಕೂಗುತ್ತಿದ್ದಾರೆ, "ಬರೆದದ್ದು ಸಾಕು, ಬಾರೇ, ನಿಂದು ಸರದಿ!"